ಮೂರು ಕಾಗದ, ಮೂರು ಕಟ್ಟು ಹಪ್ಪಳ

ವೈದ್ಯನಾಥಪುರ,
೧೬ ಜನವರಿ ೧೯೪೪

ಚಿ. ಸೌ. ಪಟ್ಟಲಮ್ಮನಿಗೆ ನಿನ್ನ ಅವ್ವ ಸ್ವಂತ ಕೈಯಿಂದ ಬರೆದ ಆಶೀರ್ವಾದ. ‘ಉಭಯ ಕುಶಲೋಪರಿ’ ಎಂದು ಬರೆಯಲೇಬೇಕಂತೆ. ಆ ‘ಭ’ ಬರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ನಿನ್ನ ಮದುವೆಯಾಗಿ ವರ್ಷವಾದರೂ ಒಂದು ಕಾಗದ ಬರೆಯಲಿಲ್ಲ, ತಪ್ಪಾಯಿತು. ಮೊದಲು ಅಕ್ಷರ ಕಲಿಯಬೇಕಿತ್ತಲ್ಲ! ನಿನ್ನ ಕಾಗದ ಬಂದಾಗಲೆಲ್ಲ ನಿಮ್ಮಪ್ಪ ಕನ್ನಡಕ ಏರಿಸಿ, ಕೆಮ್ಮಿ, ಓದುತ್ತಿದ್ದದ್ದು ಒಂದೇ: “ಮಗ ಸುಕವಾಗವ್ಳೆ ಕಣಮ್ಮಿ. ಅಪ್ಪಳ ಕಳ್ಸು ಅಂದವ್ಳೆ.” ನಾನು ಒತ್ತಿ ಒಣಗಿಸಿ, ನಿನ್ನ ಗಂಡನ ಊರು ಹಲಗೂರಿಗೆ ಹೋಗುವವರ ಕೈಲಿ ಕಳಿಸುತ್ತಿದ್ದೆ. ಅದರಲ್ಲೂ ಅರ್ಧ ಅವರೇ ಸುಡಿಸಿಕೊಂಡು ತಿನ್ನುತ್ತಿದ್ದರು. ಎರಡು ಹಾಳೆ ತುಂಬ ಬರೆದಿದ್ದೀಯೆ, ಮಾತು ಎರಡೇ ಹೇಗಾದೀತು? ನಾನೇ ಓದಬೇಕೆಂಬ ಹಠ ಹುಟ್ಟಿದ್ದು ಆಗ.

ಮದ್ದೂರಿನಲ್ಲಿ ಬಸ್ಸು ರಿಪೇರಿ ಮಾಡುವ ಬಾಬು ಜಾನ್ ಸಾಬರ ಮಗಳು ಶರೀಫುನ್ನೀಸಾ ಇಲ್ಲಿ ಹೆಂಗಸರಿಗೆ ಮಧ್ಯಾಹ್ನ ಪಾಠ ಹೇಳುತ್ತಾಳೆ. ಮೊನ್ನೆ, ನಿಮ್ಮ ನಿಮ್ಮ ಯಜಮಾನರ ಹೆಸರು ಬರೆಯಿರಿ ಎಂದಳು. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡೆವು. ಪಕ್ಕದ ಮನೆ ಮಂಗಳಮ್ಮ ಕೇಳಿಯೇ ಬಿಟ್ಟಳು: “ಗಂಡನ ಎಸ್ರ ಬಾಯಲ್ಲಿ ಯೋಳ್ಬಾರ್ದು. ಕೈಯಲ್ಲಿ ಯೋಳ್ಬೋದಾ ಮೇಷ್ಟ್ರಮ್ಮ?”

“ಕೈಗೆ ಬಾಯಿಲ್ಲ, ಬರೀರಮ್ಮ,” ಎಂದಳು ಶರೀಫುನ್ನೀಸಾ.

‘ಹೊನ್ನಯ್ಯ’ ಎಂದು ಬರೆದ ಸ್ಲೇಟನ್ನು ಮನೆಗೆ ತಂದು ನಿಮ್ಮಪ್ಪನ ಮುಂದೆ ಹಿಡಿದೆ. ಕನ್ನಡಕ ಹಾಕಿದರು. ಕೆಮ್ಮಿದರು. “ಸ್ರೀರಾಮ ಅಂತ ಬರ್ದಿದ್ದೀಯೆ. ವಸಿ ಸೊಟ್ಟಗದೆ,” ಎಂದರು.

ನಕ್ಕು ನಕ್ಕು ಪಕ್ಕೆ ಹಿಡಿಯಿತು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಅವರಿಗೆ ಅಕ್ಷರ ಬಾರದೆಂದು ಗೊತ್ತಿರಲಿಲ್ಲ ನೋಡು! ಇವತ್ತು ಬಾಗಿಲು ಹಾಕಿಕೊಂಡು ಬಂದು, “ಅ ಅನ್ನೋದ ಒಂದಪ ತೋರ್ಸಮ್ಮಿ” ಎಂದು ನನ್ನ ಮುಂದೆ ಕೂತರು.

ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅವ್ವ,
ದೇವಿರಮ್ಮ

ತಾ. ಕ.: ಮೇಲಿನದನ್ನು ಶರೀಫುನ್ನೀಸಾ ತಿದ್ದಿದ್ದಾಳೆ, ಅವಳು ನೋಡುತ್ತಾಳೆಂದು ನಗುವ ಮಾತನ್ನಷ್ಟೇ ಬರೆದೆ. ಇದನ್ನು ಯಾರಿಗೂ ತೋರಿಸಿಲ್ಲ. ನಿನ್ನೆ ಡಬ್ಬಿಯಿಂದ ನಿನ್ನ ಮೂರೂ ಕಾಗದ ತೆಗೆದು ಅಕ್ಷರ ಕೂಡಿಸಿ ಓದಿದೆ. ಮೊದಲನೆಯದರಲ್ಲಿ ‘ಇಲ್ಲಿ ದಿನಾ ಹೊಡೆಯುತ್ತಾರೆ, ಬಂದು ಕರೆದುಕೊಂಡು ಹೋಗು’. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ‘ಹಪ್ಪಳ ಬೇಡ ಕಣವ್ವ, ನೀನು ಬಾ’. ಅದಕ್ಕೂ ನಾನು ಹಪ್ಪಳವನ್ನೇ ಕಳಿಸಿದೆನಲ್ಲ ಮಗಳೇ. ನಿಮ್ಮಪ್ಪನಿಗೆ ಓದಿ ಹೇಳಿದೆ. ಕನ್ನಡಕ ತೆಗೆದಿಟ್ಟವರು ಊಟಕ್ಕೂ ಏಳಲಿಲ್ಲ.

ಇದನ್ನು ಓದಿ ಒಲೆಗೆ ಹಾಕು. ಬಟ್ಟೆ ಗಂಟು ಕಟ್ಟಿಟ್ಟಿರು. ಶುಕ್ರವಾರ ಮಳವಳ್ಳಿ ಬಸ್ಸು, ಆಮೇಲೆ ಹಲಗೂರು ಬಸ್ಸು, ಬೋರ್ಡು ನಾನೇ ಓದಿ ಹತ್ತಿ ಬರುತ್ತೇನೆ. ಈ ಸಲ ಬರಿಗೈಲಿ ಬರುತ್ತೇನೆ.