ಕಂಬದ ಮೇಲಿನ ಖಾಲಿ ಡಬ್ಬಿ

ಜಾಗ ಸಂಖ್ಯೆ 47, ಟ್ರೈಲರ್ ಪಾರ್ಕು
ಡ್ರೈ ಬೆಂಡ್, ಅರಿಝೋನಾ
ಫೆಬ್ರವರಿ 24, ಮಂಗಳವಾರ

ಪ್ರೀತಿಯ ಮಗನೇ ರಾಯ್ಸ್,

ಹೇಗಿದ್ದೀಯ? ಹಲ್ಲುನೋವು ಕಡಿಮೆಯಾಯಿತೆ? ಅಲ್ಲಿಯ ಡಾಕ್ಟರು ಕೀಳುತ್ತೇನೆ ಅಂದರೆ ಸುಮ್ಮನೆ ಕೀಳಿಸಿಕೊ. ಚಿಕ್ಕವನಿದ್ದಾಗಲೂ ಹಲ್ಲಿನ ಡಾಕ್ಟರ ಹೆಸರೆತ್ತಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ ನೀನು. ನಿಮ್ಮಪ್ಪನ ಎದೆಗೆ ಇಲ್ಲಿಯ ಒಣಹವೆ ಹಿಡಿಸಿದೆ, ಕೆಮ್ಮು ಈಗ ಬೆಳಗಿನ ಹೊತ್ತು ಮಾತ್ರ. ನನ್ನ ಎಡಮೊಣಕಾಲು ಕುಂಬಳಕಾಯಿಯ ಹಾಗೆ ಊದಿದೆ. ಏಕೆಂದು ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಜೈಲಿನವರು ಹದಿನೈದು ನಿಮಿಷಕ್ಕೆ ಕತ್ತರಿಸಿಬಿಡುತ್ತಾರೆ. ನನ್ನ ಸಿಟ್ಟು ಹದಿನೈದು ನಿಮಿಷದಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ.

ನಿನ್ನ ಪತ್ರ ಶನಿವಾರ ಬಂತು. "ನೀನು ಬರಲಿಲ್ಲ ಅಮ್ಮಾ, ಪರವಾಗಿಲ್ಲ, ನನಗೆ ಅರ್ಥ ಆಗುತ್ತೆ" ಎಂದು ಬರೆದಿದ್ದೀಯ. ಏನು ಅರ್ಥವಾಯಿತು ನಿನಗೆ? ನೀನು ಬೈದು ಬರೆದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಪರವಾಗಿಲ್ಲ ಅಂದೆಯಲ್ಲ, ಅದು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಿನ್ನನ್ನು ಅವಧಿಗೆ ಮುಂಚೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸುವ ಪೆರೋಲ್ ಮಂಡಳಿಯವರು ನಿನ್ನ ಕಡತದಲ್ಲಿ "ಕುಟುಂಬದ ಪರವಾಗಿ ಯಾರೂ ಹಾಜರಿಲ್ಲ" ಎಂದು ಬರೆದುಕೊಂಡರಂತೆ. ನಾನು ಹಾಜರಿದ್ದೆ ಕಣೋ. ಆ ವಿಡಿಯೋ ವಿಚಾರಣೆಯ ದಿನ ಹತ್ತು ಗಂಟೆಗೇ ನೀಲಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ.

ಪಾರ್ಕಿನ ಬಾಗಿಲಲ್ಲಿ ನಿನಗಿಂತ ಎತ್ತರದ ಹಲಗೆ ಇದೆ, "ಮೂಲೆಮೂಲೆಗೂ ವೇಗದ ವೈಫೈ" ಎಂದು. ಅದನ್ನು ನಂಬಿಯೇ ನಾನು ಅಕ್ಟೋಬರಿನಲ್ಲಿ ಇಡೀ ಚಳಿಗಾಲಕ್ಕೆ ನಮ್ಮ ಚಕ್ರದ ಮನೆ ಎಳೆದುತಂದು ನಿಲ್ಲಿಸಲು ಈ ಜಾಗ ಹಿಡಿದದ್ದು. ಸುತ್ತ ಗುಡ್ಡ ಇರುವುದರಿಂದ ಮೊಬೈಲು ಇಲ್ಲಿ ಸತ್ತಂತೆಯೇ. ವಿಚಾರಣೆಗೆ ಒಂದು ತಿಂಗಳಿದ್ದಾಗಿನಿಂದ ಮೂರು ಸಲ ಆಫೀಸಿಗೆ ಹೋಗಿ ಯಜಮಾನ ವೆಂಡೆಲ್ ಪ್ಲಂಬನಿಗೆ ಹೇಳಿದೆ, ಹನ್ನೆರಡನೇ ತಾರೀಖು ಗುರುವಾರ ಹತ್ತು ನಲವತ್ತಕ್ಕೆ ನನಗೆ ಒಂದು ಕರೆ ಇದೆ, ತಪ್ಪಿದರೆ ಆಗುವುದಿಲ್ಲ ಅಂತ. ಮೂರು ಸಲವೂ ಅವನು ಹಲ್ಲುಕಡ್ಡಿ ಕಚ್ಚಿಕೊಂಡೇ, "ಬಂಡೆಯಷ್ಟು ಗಟ್ಟಿ ಕಣಮ್ಮ ನಮ್ ಲೈನು, ನಿಶ್ಚಿಂತೆಯಾಗಿರು" ಅಂದ. ಮುಂಜಾನೆ ಆರಕ್ಕೆ ನಾನೇ ಪರೀಕ್ಷೆ ಮಾಡಿ ನೋಡುತ್ತಿದ್ದೆ, ಚೆನ್ನಾಗಿಯೇ ಬರುತ್ತಿತ್ತು. ಆರು ಗಂಟೆಗೆ ಪಾರ್ಕಿನಲ್ಲಿ ಎದ್ದಿರುವವಳು ನಾನೊಬ್ಬಳೇ, ಹಗಲಾದರೆ ಎಲ್ಲರೂ ಅದೇ ಲೈನಿಗೆ ಮುಗಿಬೀಳುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಪಕ್ಕದ ಟ್ರೈಲರಿನ ಗ್ಲೋರಿಯಾ ಬಿಗೇ, ಟೆಲಿಫೋನ್ ಕಂಪನಿಯಲ್ಲಿ ಮೂವತ್ತು ವರ್ಷ ಕಂಬ ಹತ್ತಿ ನಿವೃತ್ತಳಾದವಳು, "ಓಪಲ್, ಅಷ್ಟು ಮುಖ್ಯವಾದ ಕರೆ ಆದ್ರೆ ಟೌನ್ ಲೈಬ್ರರಿಗೆ ಹೋಗಿ ಮಾಡು" ಅಂದಿದ್ದಳು. ಏನು ಕರೆ ಎಂದು ಅವಳಿಗೆ ನಾನು ಹೇಳಿರಲಿಲ್ಲ. ಲೈಬ್ರರಿಯಲ್ಲಿ ಯಾರಾದರೂ ಕೇಳಿಸಿಕೊಂಡರೆ ಎಂಬ ಭಯ ನನಗೆ. ಈ ಸಿಟ್ಟಿನಲ್ಲಿ ಕಾಲು ಭಾಗ ನನ್ನ ಮೇಲೆಯೇ ಇದೆ, ತಿಳಿದುಕೊ.

ಹತ್ತು ನಲವತ್ತಕ್ಕೆ ಪರದೆ ತೆರೆಯಿತು. ಮೂವರು ಅಧಿಕಾರಿಗಳು ಕಂಡರು, ಕೆಳಗಿನ ಚೌಕದಲ್ಲಿ ನೀನು. ನಾಲ್ಕು ಸೆಕೆಂಡು ಇರಬಹುದು, ಹೆಚ್ಚಿಲ್ಲ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆಯಲ್ಲೋ ನಿನಗೆ! ಅಧ್ಯಕ್ಷೆ "ಮಿಸೆಸ್ ಬ್ರ್ಯಾಂಡ್‌ವೋಲ್ಡ್, ನಮ್ಮ ಮಾತು ಕೇಳಿಸ್ತಿದೆಯಾ?" ಅಂದರು. ನಾನು ಹ್ಞೂಂ ಅನ್ನುವಷ್ಟರಲ್ಲಿ ಅವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಿತು. ಆಮೇಲೆ ಬರೀ ಸುತ್ತುವ ಚಕ್ರ. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಚಪ್ಪಲಿಯಲ್ಲೇ ಆಫೀಸಿಗೆ ಓಡಿದೆ. ಪ್ಲಂಬ್ ತನ್ನ ಕಂಪ್ಯೂಟರಿನಲ್ಲಿ ಹಳೇ ಟ್ರಕ್ಕುಗಳ ಹರಾಜು ನೋಡುತ್ತ ಕೂತಿದ್ದ. ಅವನಿಗೆ ಚಿತ್ರ ನೀರು ಹರಿದ ಹಾಗೆ ಬರುತ್ತಿತ್ತು. ನಿನ್ನ ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಕೂರಲು ಬಿಡು ಎಂದು ಕೈಮುಗಿದೆ. "ಆಫೀಸ್ ಕಂಪ್ಯೂಟರ್ ಗಿರಾಕಿಗಳಿಗಲ್ಲಮ್ಮ. ಪುಕ್ಕಟೆ ಕೊಟ್ಟ ವೈಫೈಗೆ ಇಷ್ಟೊಂದು ರಂಪಾನಾ? ಲಾಂಡ್ರಿ ಕೋಣೇಲಿ ಸಿಗ್ನಲ್ ಚೆನ್ನಾಗಿರುತ್ತೆ, ಅಲ್ಲಿಗೆ ಹೋಗಿ ನೋಡು" ಅಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಲಾಂಡ್ರಿ ಕೋಣೆಯಲ್ಲಿ ಗೋಡೆಯ ಮೇಲ್ಭಾಗದಲ್ಲಿ ಒಂದು ಗೆರೆ ಸಿಗ್ನಲ್ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ಅರವತ್ತೆಂಟು ವರ್ಷದ ನಿನ್ನಮ್ಮ ಬಟ್ಟೆ ಒಣಗಿಸುವ ಯಂತ್ರದ ಮೇಲೆ ಹತ್ತಿ ನಿಂತು, ಲ್ಯಾಪ್‌ಟಾಪನ್ನು ಸೂರಿನವರೆಗೆ ಎತ್ತಿ ಹಿಡಿದಳು. ಚಕ್ರ ಸುತ್ತುತ್ತಲೇ ಇತ್ತು. ಎಲ್ಲೋ ಒಂದು ಪದವಾದರೂ ಅವರಿಗೆ ತಲುಪಬಹುದೆಂದು ನಾನು ಕೂಗಲು ಶುರುಮಾಡಿದೆ. ನನ್ನ ಮಗ ಬೆನ್ನುನೋವಿನ ಮಾತ್ರೆಯ ಚಟಕ್ಕೆ ಬಿದ್ದು ಔಷಧಿ ಅಂಗಡಿಯ ಬೀಗ ಒಡೆದ, ಹೌದು, ಆದರೆ ಅವನು ಯಾರ ಮೇಲೂ ಕೈ ಎತ್ತಲಿಲ್ಲ, ಪೊಲೀಸರು ಬರುವವರೆಗೆ ಅಂಗಡಿಯ ಮೆಟ್ಟಿಲ ಮೇಲೇ ಕೂತಿದ್ದ, ನಾಲ್ಕು ವರ್ಷದಿಂದ ಮಾತ್ರೆ ಮುಟ್ಟಿಲ್ಲ, ಅವನು ಹೊರಗೆ ಬಂದರೆ ನನ್ನ ಜೊತೆ ಇರುತ್ತಾನೆ, ಅವನ ಜವಾಬ್ದಾರಿ ನನ್ನದು! ಬರೆದಿಟ್ಟುಕೊಂಡದ್ದೆಲ್ಲವನ್ನೂ ಕೂಗಿದೆ. ಕೆಳಗೆ ಏಳೆಂಟು ಜನ ಬಟ್ಟೆ ಮಡಿಸುತ್ತಿದ್ದವರು ಹಾಗೇ ನಿಂತು ಕೇಳಿದರು. ನೀನು ಅಲಾಸ್ಕಾದಲ್ಲಿ ಮೀನಿನ ಹಡಗಿನಲ್ಲಿದ್ದೀಯೆಂದು ಅವರಿಗೆಲ್ಲ ನಾನು ಹೇಳಿಕೊಂಡು ಬಂದಿದ್ದೆ.

ನಿಮ್ಮಪ್ಪ ಬಂದು ನನ್ನ ಸೊಂಟ ಹಿಡಿದು ಇಳಿಸಿದರು. ಇಳಿಯುವಾಗಲೇ ಮೊಣಕಾಲು ತಿರುಚಿದ್ದು. ನಿನಗೆ ಗೊತ್ತೇ ಇದೆ, ತೀರ್ಪು ಬಂದ ದಿನದಿಂದ ಅವರ ಬಾಯಲ್ಲಿ ನಿನ್ನ ಹೆಸರಿಲ್ಲ. ನಾನು ಮೇಜಿನ ಮುಂದೆ ಕೂತಾಗಲೂ ಅವರು ಹೊರಗೆ ಕುರ್ಚಿ ಹಾಕಿಕೊಂಡು, ಈ ಕಡೆ ಬೆನ್ನುಮಾಡಿ ಕೂತಿದ್ದರು.

ಮಾರನೆಯ ಬೆಳಿಗ್ಗೆ ಗ್ಲೋರಿಯಾ ಬಾಗಿಲು ತಟ್ಟಿದಳು. ನಾನು ಮುಖ ತೋರಿಸಲಾರದೆ ಕಿಟಕಿಯ ಪರದೆಯ ಹಿಂದೆ ನಿಂತೆ. ಅವಳು, "ಹಡಗಿನ ವಿಷಯ ಆಮೇಲೆ ಜಗಳ ಆಡೋಣ, ಮೊದ್ಲು ಏಣಿ ಹಿಡ್ಕೊ ಬಾ" ಅಂದಳು. ಪಾರ್ಕಿನ ಕಂಬಗಳ ಮೇಲೆ ಹನ್ನೆರಡು ಬಿಳಿ ಡಬ್ಬಿಗಳಿವೆ, ಎರಡೆರಡು ಕೋಡು ನೆಟ್ಟಗೆ ನಿಂತಿರುತ್ತವೆ. ವೈಫೈ ಹರಡುವುದು ಅವೇ ಎಂದು ನಾವೆಲ್ಲ ನಂಬಿದ್ದೆವು. ಗ್ಲೋರಿಯಾ ನಮ್ಮ ಎದುರಿನ ಕಂಬ ಹತ್ತಿ ಡಬ್ಬಿ ಬಿಚ್ಚಿದಳು. ಒಳಗೆ ಒಂದು ತಂತಿ ಇರಲಿಲ್ಲ. ಒಣಹುಲ್ಲಿನ ಒಂದು ಹಕ್ಕಿಗೂಡು ಇತ್ತು, ಅಷ್ಟೇ. ಎರಡನೆಯದನ್ನು ಬಿಚ್ಚಿದಳು, ಮೂರನೆಯದನ್ನು ಬಿಚ್ಚಿದಳು. ಹನ್ನೆರಡರಲ್ಲಿ ಹನ್ನೊಂದು ಬರೀ ಪ್ಲಾಸ್ಟಿಕ್ಕು! ಇಡೀ ಅರವತ್ತು ಟ್ರೈಲರಿಗೆ ಇದ್ದದ್ದು ಆಫೀಸಿನ ಪಕ್ಕದ ಕಂಬದ ಮೇಲಿನ ಒಂದೇ ಒಂದು. "ಮೂವತ್ತು ವರ್ಷದಲ್ಲಿ ಕೆಟ್ಟ ಕೆಲಸ ಬೇಕಾದಷ್ಟು ನೋಡಿದೀನಿ. ಕೆಲಸವೇ ಇಲ್ಲದ ಕೆಲಸ ಇದೇ ಮೊದಲು" ಎಂದು ಗ್ಲೋರಿಯಾ ಕಂಬದ ಮೇಲಿಂದಲೇ ಇಡೀ ಸಾಲಿಗೆ ಕೇಳುವಂತೆ ಹೇಳಿದಳು.

ನಾನು ಆ ಡಬ್ಬಿ ತೆಗೆದುಕೊಂಡು ಹೋಗಿ ಪ್ಲಂಬನ ಮೇಜಿನ ಮೇಲೆ ಕುಕ್ಕಿದೆ. ಹಿಂದೆ ನೋಡಿದರೆ ಅರ್ಧ ಪಾರ್ಕು ಬಂದು ನಿಂತಿತ್ತು. ಅವನು, "ಅವು ಅಲಂಕಾರಕ್ಕೆ ಹಾಕಿದ್ದು, ಮುಂದಿನ ವರ್ಷ ಒಳಗಿನ ಸಾಮಾನು ತರಿಸ್ತಿದ್ದೆ" ಅಂದ. ನಾನು ಕೇಳಿದ್ದು ಒಂದೇ. ಕರೆ ಕಡಿದುಹೋದದ್ದು ನಿನ್ನ ತಪ್ಪಿನಿಂದ, ನಾನು ಆ ಹೊತ್ತಿನಲ್ಲಿ ನಿನ್ನ ಆಫೀಸಿಗೆ ಬಂದು ಬೇಡಿಕೊಂಡೆ, ಇದನ್ನು ಮಂಡಳಿಗೆ ಬರೆದು ಸಹಿ ಹಾಕು. ಅವನಿಗೆ ನಗು ಬಂತು. "ನಿನ್ನ ಕಳ್ಳಮಗನ ಸಲುವಾಗಿ ನಾನ್ಯಾಕಮ್ಮ ನನ್ನ ಕುತ್ತಿಗೆಗೆ ನಾನೇ ಉರುಳು ಹಾಕ್ಕೊಳ್ಲಿ?" ಅಂದ.

ರಾಯ್ಸ್, ಆಗ ನಾನೇನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ, ಆ ಡಬ್ಬಿ ಮತ್ತೆ ನನ್ನ ಕೈಗೆ ಬಂದಿತ್ತು. ಅಷ್ಟರಲ್ಲಿ ನಿಮ್ಮಪ್ಪ ಗುಂಪಿನಿಂದ ಹೊರಟುಹೋದರು. ಇವರದು ಯಾವಾಗಲೂ ಇದೇ, ಬೇಕಾದಾಗ ಇರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಬೈದೆ. ಸ್ವಲ್ಪ ಹೊತ್ತಿಗೆ ಯಾರೋ ಕಿಟಕಿಯಾಚೆ ತೋರಿಸಿದರು. ನಿಮ್ಮಪ್ಪ ನಮ್ಮ ಟ್ರೈಲರಿನ ಕರೆಂಟಿನ ತಂತಿ ಕಿತ್ತು ಸುತ್ತುತ್ತಿದ್ದರು. ಆಮೇಲೆ ನೀರಿನ ಪೈಪು. ಆಮೇಲೆ ಟ್ರಕ್ಕನ್ನು ಹಿಂದಕ್ಕೆ ತಂದು ಕೊಂಡಿಗೆ ಜೋಡಿಸತೊಡಗಿದರು. ಗ್ಲೋರಿಯಾ ಹೋಗಿ ತನ್ನ ಪೈಪು ಬಿಚ್ಚಿದಳು. ಅವಳ ಹಿಂದೆ ಮತ್ತೊಬ್ಬರು, ಮಗದೊಬ್ಬರು. ನನ್ನ ಕೂಗಾಟ ಕೇಳಿ ಬಟ್ಟೆ ಮಡಿಸುತ್ತ ನಿಂತಿದ್ದವರೆಲ್ಲ ಇದ್ದರು ಅದರಲ್ಲಿ. ಅರ್ಧ ಗಂಟೆಯಲ್ಲಿ ಇಪ್ಪತ್ತಮೂರು ಗಾಡಿಗಳು ಹೊರಡಲು ತಯಾರಾಗಿ ಸಾಲುಗಟ್ಟಿದವು, ಅದೂ ಚಳಿಗಾಲದ ತುಂಬು ಹಂಗಾಮಿನಲ್ಲಿ. ಪ್ಲಂಬ್ ಬಾಯಿಂದ ಹಲ್ಲುಕಡ್ಡಿ ತೆಗೆದ. ನಾನು ಹೇಳಿ ಬರೆಸಿದೆ, ಅವನು ಬರೆದ. ಎರಡು ಕಡೆ ಕಾಗುಣಿತ ತಪ್ಪಿತ್ತು, ಹೊಸ ಹಾಳೆಯಲ್ಲಿ ಮತ್ತೆ ಬರೆಸಿದೆ. ಗ್ಲೋರಿಯಾ ತನ್ನ ಹೇಳಿಕೆಯನ್ನೂ ಸೇರಿಸಿ ಸಹಿ ಹಾಕಿದಳು.

ಮಂಡಳಿಯ ಉತ್ತರ ನಿನ್ನೆ ಬಂತು. ಹಿಂದಿನ ಟಿಪ್ಪಣಿಯನ್ನು ತೆಗೆದುಹಾಕಿದ್ದಾರೆ. ಮಾರ್ಚ್ 18, ಬುಧವಾರ, ಹತ್ತು ನಲವತ್ತಕ್ಕೆ ಮತ್ತೆ ವಿಚಾರಣೆ. ಏನಾಗುತ್ತದೋ ಹೇಳಲಾರೆ, ನೀನೂ ದೊಡ್ಡ ಆಸೆ ಕಟ್ಟಿಕೊಳ್ಳಬೇಡ. ಆದರೆ ಈ ಸಲ ಯಾರೂ ಬರಲಿಲ್ಲ ಎಂದು ಯಾವನೂ ಬರೆಯಲಾರ. ಪ್ಲಂಬನಿಂದ ನಿಜವಾದ ಯಂತ್ರ ತರಿಸಿ ಗ್ಲೋರಿಯಾ ತಾನೇ ಕಂಬಗಳಿಗೆ ಕಟ್ಟಿದ್ದಾಳೆ. ನಾನು ದಿನಾ ಹತ್ತು ನಲವತ್ತಕ್ಕೇ ಪರೀಕ್ಷೆ ಮಾಡುತ್ತೇನೆ, ಆಗ ಬೇಕೆಂದೇ ಎಲ್ಲರಿಗೂ ವೈಫೈ ಮೇಲೆ ಓಡುವ ಟೀವಿ ಹಾಕಲು ಹೇಳಿ. ಒಂದು ವಾರದಿಂದ ಒಮ್ಮೆಯೂ ಚಕ್ರ ಸುತ್ತಿಲ್ಲ. ಆದರೂ ಪ್ಲಂಬ್ ಎದುರಿಗೆ ಸಿಕ್ಕರೆ ನಾನು ಈಗಲೂ ಮುಖ ತಿರುಗಿಸಿಕೊಂಡು ಹೋಗುತ್ತೇನೆ. ನಾಲ್ಕು ವರ್ಷಕ್ಕೆ ನಾಲ್ಕೇ ಸೆಕೆಂಡು ನಿನ್ನ ಮುಖ ನೋಡಿದೆ, ಉಳಿದದ್ದನ್ನು ಅವನು ತಿಂದುಹಾಕಿದ. ಇದನ್ನು ನಾನು ಕ್ಷಮಿಸುವುದಿಲ್ಲ, ಪಾದ್ರಿ ಬಂದು ಹೇಳಿದರೂ ಇಲ್ಲ. ಮತ್ತೆ ನೀನು ನನಗೆ ಯಾವತ್ತೂ "ಪರವಾಗಿಲ್ಲ" ಎಂದು ಬರೆಯಕೂಡದು.

ಹೊಟ್ಟೆ ತುಂಬ ಉಣ್ಣು. ಚಳಿಗೆ ಕಾಲುಚೀಲ ಎರಡು ಜೊತೆ ಹಾಕಿಕೊ. ನಿನ್ನ ತಲೆಯ ಮೇಲೆ ಸದಾ ನನ್ನ ಕೈ ಇದೆಯೆಂದು ತಿಳಿ.

ನಿನ್ನ ಅಮ್ಮ,
ಓಪಲ್

ತಾ.ಕ.: ಅಂಚೆ ಗಾಡಿ ಗೇಟಿಗೆ ಬಂದಿದೆ, ಬೇಗ ಬರೆಯುತ್ತೇನೆ. ಮೂರು ದಿನದಿಂದ ನಿಮ್ಮಪ್ಪ ಮಧ್ಯಾಹ್ನದ ಹೊತ್ತು ಟ್ರಕ್ಕಿನಲ್ಲಿ ಕೂತು ಗಾಜು ಏರಿಸಿಕೊಂಡು ಒಬ್ಬರೇ ಮಾತಾಡುತ್ತಿದ್ದರು. ನನಗೆ ಹೆದರಿಕೆಯಾಗಿ ಇವತ್ತು ಹತ್ತಿರ ಹೋದೆ. ಕೈಯಲ್ಲಿ ಒಂದು ಚೀಟಿ. "ಮನೆಯವರಿಗೆ ಕೊಡೋ ಹತ್ತು ನಿಮಿಷದಲ್ಲಿ ನಿನ್ನದು ಎಂಟು, ನನಗೆ ಎರಡು ಬಿಡು ಓಪಲ್. ರಾಯ್ಸ್ ಬಗ್ಗೆ ನಾನೂ ಹೇಳೋದಿದೆ" ಅಂದರು. ಹೆಸರು ಹಿಡಿದೇ ಅಂದರು ಕಣೋ. ಹದಿನೆಂಟಕ್ಕೆ ಪರದೆ ತೆರೆದಾಗ ಗಾಬರಿಯಾಗಬೇಡ, ನನ್ನ ಪಕ್ಕದಲ್ಲಿ ಅವರೂ ಕೂತಿರುತ್ತಾರೆ.