ಕಾರಣ ಸಿಕ್ಕಿತು, ಆಯಿ

ಕಮಲಾಪುರ
೯ ನವೆಂಬರ್ ೧೯೯೭

ಪ್ರೀತಿಯ ಆಯಿ,

ನಿನ್ನ ಪಾದಕ್ಕೆ ಇಲ್ಲಿಂದಲೇ ಹಣೆ ಹಚ್ಚುತ್ತೇನೆ. ದೀಪಾವಳಿಗೂ ಬರಲಿಲ್ಲ, ನಿನ್ನ ಪತ್ರಗಳಿಗೆ ಉತ್ತರವನ್ನೂ ಬರೆಯಲಿಲ್ಲ. ಸಿಟ್ಟಾಗಬೇಡ. ಸೋಲಾಪುರದಲ್ಲಿ ನೀನು, ಅಣ್ಣ, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ.

ನಿನ್ನ ಮೊಮ್ಮಗಳು ಸಕ್ಕೂ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಬಲಗೈ ಹಾಗೆಯೇ ಇದೆ. ಬೆರಳು ಬಿಡಿಸಿದರೆ ಮತ್ತೆ ಮಡಚಿಕೊಳ್ಳುತ್ತವೆ. ಮಾತು ಇನ್ನೂ ಸರಿಯಾಗಿಲ್ಲ. ಹದಿಮೂರರ ಹುಡುಗಿಗೆ ಲಕ್ವಾ ಹೊಡೆಯುವುದುಂಟೇ ಎಂದು ಓಣಿಯೆಲ್ಲ ಕೇಳಿತು. ಪಕ್ಕದ ಮನೆಯ ಮೆಹಬೂಬಿ ದರ್ಗಾದ ದಾರ ತಂದು ಕಟ್ಟಿದಳು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ.

ಕಲಬುರ್ಗಿಯಲ್ಲಿ ಹೃದಯ ನೋಡಿದರು, ಚೆನ್ನಾಗಿದೆ ಎಂದರು. ಬೆನ್ನಿನಿಂದ ನೀರು ತೆಗೆದು, ಟಿ.ಬಿ. ಅಲ್ಲ ಎಂದರು. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ರಕ್ತ ಕಟ್ಟಿದ ಜಾಗ ಕಂಡಿತು; ಯಾಕೆ ಕಟ್ಟಿತೆಂಬುದು ಕಾಣಲಿಲ್ಲ. ಪ್ರತಿ ಸಲ ‘ಏನೂ ಇಲ್ಲ’ ಎಂದಾಗ ಖುಷಿಪಡಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಕೊನೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಅವಳ ದಪ್ಪ ಚಸ್ಮಾ ತೆಗೆಸಿ ಕಣ್ಣು ನೋಡಿದರು, ಉದ್ದುದ್ದ ಬೆರಳು ನೋಡಿದರು. ರಕ್ತ ಹೈದರಾಬಾದಿಗೆ ಹೋಯಿತು. ಉತ್ತರ ಬಂದ ದಿನ ಇವರನ್ನೂ ನನ್ನನ್ನೂ ಕೂರಿಸಿಕೊಂಡು ಕೇಳಿದರು:

“ನೀವಿಬ್ರೂ ಸಂಬಂಧದಾಗ ಲಗ್ನ ಆಗೀರೇನ್ರೀ?”

“ಹೌದ್ರೀ. ಇವ್ರು ನಮ್ಮ ಆಯಿ ತಮ್ಮ, ನನ್ನ ಸೋದರಮಾವ,” ಎಂದೆ. ಇವರು ನೆಲ ನೋಡುತ್ತಿದ್ದರು.

ಒಂದೇ ದೋಷ ನಮ್ಮಿಬ್ಬರ ರಕ್ತದಲ್ಲೂ ಸುಮ್ಮನೆ ಅಡಗಿತ್ತಂತೆ. ಎರಡೂ ಕೂಡಿ ಅವಳಿಗೆ ಹೋದವಂತೆ, ಅದರಿಂದಲೇ ರಕ್ತ ಕಟ್ಟಿತಂತೆ. ಒಂದು ಗುಳಿಗೆ ಕೆಲವರಿಗೆ ನಾಟುತ್ತದಂತೆ; ಉತ್ತರ ಬರುವ ಮೊದಲೇ ಕೊಟ್ಟು ನೋಡಿದ್ದರು, ಇವಳಿಗೆ ನಾಟಲಿಲ್ಲ. ಬೇಳೆ, ಹಾಲು ಅವಳ ಮೈಗೆ ಸರಿಯಾಗಿ ಅರಗುವುದಿಲ್ಲವಂತೆ; ಇನ್ನು ಅಳೆದು ಹಾಕಬೇಕು.

“ಮತ್ತ ಹೊಡೀತದೇನ್ರೀ?” ಎಂದೆ.

“ಹೊಡೀಬಹುದ್ರೀ. ಹೋದ ಕೈ ಅಂತೂ ಬರೂದಿಲ್ಲ. ಆದ್ರ ಇದು ಯಾರ ತಪ್ಪೂ ಅಲ್ಲ.”

ಮರಳುವ ಬಸ್ಸಿನಲ್ಲಿ ಇವರು ಆಡಿದ್ದು ಒಂದೇ ಮಾತು: “ಅಕ್ಕಗ ತಿಳಿಸಬ್ಯಾಡ.” ಆದರೆ ನೀನು ಪ್ರತಿ ಪತ್ರದಲ್ಲೂ ಕಾರಣ ಕೇಳುತ್ತೀ. ಎಷ್ಟು ದಿನ ಮುಚ್ಚಿಡಲಿ? ಮಗಳು ಹೊರಗಿನವರ ಪಾಲಾಗದಿರಲಿ, ತಮ್ಮನ ಮನೆಯಲ್ಲಿ ಸುಖವಾಗಿರಲಿ ಎಂದು ನೀನು ಕೊಟ್ಟೆ. ಇವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮೇಲಾದರೂ ಸಿಟ್ಟಿದ್ದಿದ್ದರೆ ಇಷ್ಟು ದಣಿಯುತ್ತಿರಲಿಲ್ಲವೇನೋ.

ಅಣ್ಣನ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಆಶೀರ್ವಾದವನ್ನೆಲ್ಲ ಸಕ್ಕೂಗೇ ಕೊಡು, ನನಗೆ ಬೇಡ.

ನಿನ್ನ ಮಗಳು
ಇಂದೂ

ತಾ. ಕ.: ಡಾಕ್ಟರು ಹೇಳುವಾಗ ಸಕ್ಕೂ ಅಲ್ಲೇ ಕುಳಿತಿದ್ದಳು. ಅವಳಿಗೆ ತಿಳಿಯದೆಂದುಕೊಂಡಿದ್ದೆವು. ನಿನ್ನೆ ಜಡೆ ಹಾಕುವಾಗ ತಡೆತಡೆದು ಕೇಳಿದಳು, “ಅಮ್ಮಾ, ನೀ ಬ್ಯಾರೆಯವ್ರನ್ನ ಲಗ್ನ ಆಗಿದ್ರ... ನಾ ಚಲೋ ಇರ್ತಿದ್ನಾ?”

“ಆವಾಗ ನೀನ ಇರ್ತಿದ್ದಿಲ್ಲಲ್ಲವ್ವಾ,” ಎಂದೆ.

ಎಡಗೈಯಿಂದ ಜಡೆ ಮುಂದಕ್ಕೆ ಎಳೆದುಕೊಂಡು ಅಂದಳು, “ಅದ ಚಲೋ ಆಗ್ತಿತ್ತು.”

ಲಕ್ವಾ ಹೊಡೆದ ಮೇಲೆ ಅವಳು ಪೂರ್ತಿಯಾಗಿ ಆಡಿದ ಮೊದಲ ಮಾತುಗಳು ಇವು, ಆಯಿ. ಅವಳು ಮಾತಾಡಲಿ ಎಂದು ನಾನು ಎಷ್ಟು ಬೇಡಿಕೊಂಡಿದ್ದೆ.