ಹೊಳೆಯಬಾರದಿದ್ದ ಗಾಜು

ಪ್ರಯೋಗಾಲಯ, ಎರಡನೇ ಮಹಡಿ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಆಪರೇಷನ್ ಆಗಿ ಮೂರು ವಾರವಾದರೂ ಊರುಗೋಲು ಬಿಟ್ಟಿಲ್ಲವೆಂದು ಭಾವ ಫೋನಿನಲ್ಲಿ ಹೇಳಿದರು. ಡಾಕ್ಟರ ಮಾತು ಕೇಳುವ ಜಾಯಮಾನ ನಿನ್ನದಲ್ಲವಲ್ಲ, ನನಗೆ ಆಶ್ಚರ್ಯವೇ ಆಯಿತು. ಪತ್ರವನ್ನು ಅಮ್ಮನಿಗೂ ಓದಿ ಹೇಳುತ್ತೀಯೆಂದು ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ, ಬೈಯಬೇಡ.

ನೀನು ಇಲ್ಲಿದ್ದಾಗ, ನಾನಿನ್ನೂ ನಿನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ, ತಲೆಯ ಮೇಲೆ ಹೊತ್ತು ಮೆರೆಸಿದ ಆ ಆ್ಯಂಟಿಬಾಡಿಯನ್ನು ಹೊಸ ಕೆಲಸಕ್ಕೆ ಬಳಸುವ ಮುನ್ನ ಮತ್ತೊಮ್ಮೆ ಪರೀಕ್ಷಿಸಲು ಮುಖ್ಯಸ್ಥರು ನನಗೆ ಹೇಳಿದರು. ರೋಗ ಬಂದಾಗ ರಕ್ಷಣಾ ಕೋಶದ ಒಳಕ್ಕೆ ಸುದ್ದಿ ಮುಟ್ಟಿಸುವ ಪ್ರೊಟೀನೊಂದಿದೆ. ಅದೊಂದನ್ನೇ ಹಿಡಿದು, ಅದಿರುವ ಜಾಗದಲ್ಲಿ ಹಸಿರಾಗಿ ಹೊಳೆಯುವುದು ಈ ಆ್ಯಂಟಿಬಾಡಿಯ ಕೆಲಸ. ಆ ಪ್ರೊಟೀನೇ ಇಲ್ಲದಂತೆ ಮಾಡಿದ ಕೋಶಗಳನ್ನು ಗಾಜಿನ ಮೇಲಿಟ್ಟು ಆ್ಯಂಟಿಬಾಡಿ ಹಾಕಿದೆ. ಕತ್ತಲಾಗಿರಬೇಕಿತ್ತು, ಹಸಿರು ಹೊಳೆಯಿತು. ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ, "ಹಳೇ ಶೀಶೆ ಕೆಟ್ಟಿರ್ಬೇಕು, ಹೊಸದರಲ್ಲಿ ಮಾಡಿ ನೋಡಮ್ಮ" ಅಂದರು. ಹೊಸದರಲ್ಲೂ ಅದೇ ಕಥೆ. ನಾಲ್ಕನೆಯ ಸಲಕ್ಕೆ ಅವರೂ ಒಪ್ಪಿಕೊಂಡರು. ಅದು ಬೇರಾವುದೋ ಪ್ರೊಟೀನಿಗೂ ಅಂಟಿಕೊಳ್ಳುತ್ತದೆ, ಅಷ್ಟೇ.

ಅಂದರೆ ಏಳು ವರ್ಷದ ಹಿಂದೆ ನೀನು ಪ್ರಕಟಿಸಿದ ಲೇಖನದ ಬುಡವೇ ಅಲ್ಲಾಡುತ್ತದೆ. ಆ ಲೇಖನ ನೋಡಿಯೇ ನೀನೀಗಿರುವ ಸಂಸ್ಥೆಯವರು ನಿನಗೆ ಸ್ವಂತ ಪ್ರಯೋಗಾಲಯ ಕೊಟ್ಟಿದ್ದು. ಈಗ ಆ ಲೇಖನವನ್ನೇ ಹಿಂಪಡೆಯಬೇಕಾಗಬಹುದಂತೆ. "ನಿಮ್ಮಕ್ಕ ಈ ಪರೀಕ್ಷೆ ಬಿಡೋಳಲ್ಲ, ಪ್ರೊಟೀನಿಲ್ಲದ ಕೋಶ ಹೊಳೆಯಲ್ಲ ಅಂತ ಲೇಖನದಲ್ಲಿ ಕತ್ತಲ ಗಾಜಿನ ಚಿತ್ರಾನೂ ಹಾಕಿದ್ಲಲ್ಲ" ಎಂದು ಮುಖ್ಯಸ್ಥರು ಎರಡು ಸಲ ಅಂದರು. ನನಗೆ ಅವತ್ತಿನಿಂದ ಊಟ ಸೇರುತ್ತಿಲ್ಲ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಎರಡು ಮುತ್ತು. ಅಮ್ಮ ಮಾತ್ರೆ ಮರೆಯದಂತೆ ನೋಡಿಕೋ.

ನಿನ್ನ ತಂಗಿ

ತಾ.ಕ.: ಇದನ್ನು ಅಮ್ಮನಿಗೆ ಓದಬೇಡ. ಆ ಕತ್ತಲ ಚಿತ್ರ ತೆಗೆದವಳು ನಾನು. ಪ್ರೊಟೀನಿಲ್ಲದ ಕೋಶಗಳು ಆ ವಾರ ನನ್ನ ಕೈಯಲ್ಲೇ ಸತ್ತುಹೋಗಿದ್ದವು. ನೀನು ಬೈಯುತ್ತೀಯೆಂದು ಹೆದರಿ, ಸಾಮಾನ್ಯ ಕೋಶಗಳನ್ನೇ ಇಟ್ಟು, ಆ್ಯಂಟಿಬಾಡಿ ಹಾಕದೆ ಫೋಟೋ ತೆಗೆದುಕೊಟ್ಟೆ. ನೀನು ಮರುಮಾತಿಲ್ಲದೆ ನಂಬಿದೆ. ಇವತ್ತು ಬೆಳಿಗ್ಗೆ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕೊಟ್ಟು ಬಂದೆ. ನಿನಗೆ ಮೊದಲೇ ಹೇಳಿದ್ದರೆ, ತಪ್ಪನ್ನು ನೀನು ನಿನ್ನ ಮೇಲೆ ಹಾಕಿಕೊಂಡುಬಿಡುತ್ತಿದ್ದೆ.